ವಿಷ್ಣುಕ್ರಾಂತಿಗೆ ಬಿಟ್ಟ ನೆಲ

ಪರಮಪೂಜ್ಯ ಶ್ರೀ ನಿರ್ಮೋಹಾನಂದ ಮಹಾಸ್ವಾಮಿಗಳು ಆ ವರ್ಷ ಬಯಲುಸೀಮೆಯ ಒಂದು ಹಳ್ಳಿಯಲ್ಲಿ, ನಿಂತುಹೋದ ಗಾಣದ ಮನೆಯ ಜಗಲಿಯ ಮೇಲೆ ಬಿಡಾರ ಮಾಡಿದ್ದರು. ಹಾಸಲು ಗೋಣಿತಟ್ಟು, ಕುಡಿಯಲು ಮಣ್ಣಿನ ಕುಡಿಕೆ. ಅಷ್ಟರಲ್ಲೇ ಶ್ರೀಗಳು ಸಂತೃಪ್ತರಾಗಿದ್ದರು.

ಒಂದು ಬೆಳಗ್ಗೆ ಅವರ ದರ್ಶನಕ್ಕೆ ತಿರುಮಲವ್ವ ಎಂಬಾಕೆ ಬಂದಳು. ಬಂದಳು ಎನ್ನುವುದಕ್ಕಿಂತ ನುಗ್ಗಿದಳು ಎನ್ನಬೇಕು. ಅಡ್ಡಬಿದ್ದು ಏಳುವ ಮೊದಲೇ ಜಗಲಿಯ ಕಸಕಡ್ಡಿ ಆರಿಸತೊಡಗಿದಳು. ಒಬ್ಬಳೇ ಮಗಳು ಚೆಲುವಿ ಜ್ವರದಿಂದ ತೀರಿಕೊಂಡಾಗಿನಿಂದ ಆಕೆಯ ಕೈಗೆ ಬಿಡುವೆಂಬುದೇ ಇರಲಿಲ್ಲ. ಆ ಹೆಸರನ್ನು ಯಾರಾದರೂ ಎತ್ತಿದರೆ ಸಾಕು, ಎದ್ದು ಹೋಗಿಬಿಡುತ್ತಿದ್ದಳು.

“ಬುದ್ಧಿ, ನನ್ನ ಮಗಳಿಗೆ ವಿಷ್ಣುಕ್ರಾಂತಿ ಹೂವಂದ್ರೆ ಪ್ರಾಣ. ಯುಗಾದಿ ಆಗಿ ಒಂದು ಮಳೆ ಬಿದ್ರೆ ಸಾಕು, ಗುಡ್ಡಕ್ಕೆ ಓಡೋಗಿ ಆ ನೀಲಿ ಹೂವ ಮಡಿಲು ತುಂಬ ತರೋಳು. ತುಳಸಿಕಟ್ಟೆ ಪಕ್ಕ ಬೆಳೆಸಾನ ಅಂತ ಗಿಡ ತಂದು ನೆಟ್ರೆ ಒಣಗ್ತೈತೆ. ಬೀಜ ಹಾಕಿದ್ರೆ ಹುಟ್ಟಲ್ಲ. ಗುಡ್ಡದ ತುಂಬ ಅರಳೋದು ನನ್ನ ಅಂಗಳಕ್ಕೆ ಮಾತ್ರ ಯಾಕೆ ಬರಲ್ಲ? ಅವಳಿಗೆ ನನ್ನ ಮೇಲೆ ಮುನಿಸೇನೋ?”

ಶ್ರೀಗಳು ಎದ್ದು ಆಕೆಯ ಮನೆಗೆ ನಡೆದರು. ಅಂಗಳವೋ, ಕನ್ನಡಿ! ಬೆಳಗ್ಗೆ ಗುಡಿಸಿ ಸಗಣಿ ಸಾರಿಸುತ್ತಿದ್ದಳು, ಸಂಜೆ ಮತ್ತೆ ಗುಡಿಸುತ್ತಿದ್ದಳು. ಇರುವೆಯೂ ಕಾಲಿಡಲು ಹೆದರಬೇಕು. ಶುಚಿ ದೇವರಿಗೆ ಪ್ರಿಯವೇ, ಆದರೆ ಅದು ಶುಚಿಯಲ್ಲ, ಸಂಕಟ. ಶ್ರೀಗಳು ತುಳಸಿಕಟ್ಟೆಯ ಬುಡದಲ್ಲಿ ಕುಳಿತು ಒಣಗಿದ ಸಗಣಿಯ ಹಕ್ಕಳೆಯೊಂದನ್ನು ಉಗುರಿನಿಂದ ಎಬ್ಬಿಸಿದರು. ಅಡಿಯಲ್ಲಿ ಎರಡೆಲೆಯ ಪುಟ್ಟ ಸಸಿಗಳು ಬಿಳಿಚಿಕೊಂಡು ಮಲಗಿದ್ದವು.

“ಮಗಳು ಬರ್ತಾನೇ ಇದ್ದಾಳೆ, ತಾಯಿ. ನೀನೇ ಗುಡಿಸಿ ಆಚೆಗೆ ಹಾಕ್ತಿದ್ದೀಯ.”

ತಿರುಮಲವ್ವನ ಮುಖ ಕಪ್ಪಿಟ್ಟಿತು. “ಕೈ ಸುಮ್ಕಿದ್ರೆ ಅವಳು ನೆನಪಾಗ್ತಾಳೆ, ಬುದ್ಧಿ!”

“ಆಗಲಿ.”

ಅಷ್ಟೇ. ಕಟ್ಟೆಯ ಸುತ್ತ ಕೋಲಿನಿಂದ ಒಂದು ಗೆರೆ ಎಳೆದು, ಅದರೊಳಗೆ ಪೊರಕೆ ಮುಟ್ಟಿಸಬೇಡ ಎಂದು ಹೇಳಿ ಶ್ರೀಗಳು ಹೊರಟರು.

ಆಮೇಲಿನ ಆಕೆಯ ಪಾಡು ಶತ್ರುವಿಗೂ ಬೇಡ. ಪೊರಕೆ ಹಿಡಿದು ಗೆರೆಯವರೆಗೆ ಬರುವಳು, ಹಿಂದಿರುಗುವಳು, ಮತ್ತೆ ಬರುವಳು. ತೊಳೆದ ಪಾತ್ರೆಯನ್ನೇ ತೊಳೆಯುವಳು. ಗೆರೆಯೊಳಗೆ ಎಲೆ ಉದುರಿದರೆ ಆಕೆಯ ಕಣ್ಣಿಗೇ ಚುಚ್ಚಿದಂತಾಗುತ್ತಿತ್ತು. ಗುರುವಾಕ್ಯ ಮೀರುವಂತಿಲ್ಲ, ಇತ್ತ ಜೀವ ತಡೆಯದು. ಕೊನೆಗೊಂದು ದಿನ ಪೊರಕೆ ಬಿಸಾಡಿ ಅಲ್ಲೇ ಕುಸಿದು ಕುಳಿತಳು. “ಚೆಲುವೀ” ಎಂದು ಕೂಗಿದಳು. ಮಗಳ ಹೆಣ ಎತ್ತಿದ ದಿನವೂ ಅಳದ ಹೆಂಗಸು ಅಂದು ಕೇರಿಗೆಲ್ಲ ಕೇಳುವಂತೆ ಅತ್ತಳು. ನೆರೆಮನೆಯ ಕಾಟವ್ವ ಓಡಿ ಬಂದು ತಬ್ಬಿಕೊಂಡಳು.

ಮುಂದಿನ ವಸಂತದಲ್ಲಿ ಹದವಾಗಿ ಒಂದು ಮಳೆಯಾಯಿತು. ತುಳಸಿಕಟ್ಟೆಯ ಸುತ್ತ ನೆಲಕ್ಕಂಟಿದ ನೀಲಿ ಹೂಗಳು ಕಣ್ಣು ಬಿಟ್ಟವು. ಬಿಸಿಲೇರಿದರೂ ತಿರುಮಲವ್ವ ಅಲ್ಲಿಂದ ಏಳದಿದ್ದುದನ್ನು ಕಂಡು ಕಾಟವ್ವ ಬೇಲಿಯಾಚೆಯಿಂದ ಕೇಳಿದಳು: “ಏನಕ್ಕಾ, ಇವತ್ತು ಕೆಲಸ ಇಲ್ವಾ?”

“ಐತೆ, ಆಮೇಲೆ ಆಯ್ತದೆ. ನಮ್ಮ ಚೆಲುವಿ ಹತ್ರ ಕೂತಿದ್ದೀನಿ ಕಣೆ. ಬಾ, ನೀನೂ ಕೂತ್ಕ.”