ಬೆನ್ನ ಮೇಲಿನ ಒಂಬತ್ತು ಗುಂಡಿ

"ಅಕ್ಕ, ಯಾವುದು ಛಲ, ಯಾವುದು ಹಠ ಅಂತ ಗುರುತು ಹಿಡಿಯೋದು ಹೇಗೆ?"

ಕೇಳಿದವಳು ಶಶಿರೇಖ. ಮಾಂಟೆಸ್ಸರಿ ಶಾಲೆಯೊಂದಕ್ಕೆ ಅವಳು ಶಿಕ್ಷಕಿಯ ಕೆಲಸ ಕಲಿಯಲು ಬಂದು ಎರಡು ವರ್ಷವಾಗಿತ್ತು. ಕೇಳಿಸಿಕೊಂಡವರು ಅಂಬುಜಕ್ಕ. ಆ ಶಾಲೆಯನ್ನು ಕಟ್ಟಿದವರು ಅವರೇ, ಅಲ್ಲಿನ ಶಿಕ್ಷಕಿಯರಿಗೆಲ್ಲ ಕೆಲಸ ಕಲಿಸಿದವರೂ ಅವರೇ.

"ಯಾರು ಯಾರನ್ನ ಹಠಮಾರಿ ಅಂದರು?" ಎಂದು ಅಂಬುಜಕ್ಕ ಕೇಳಿದರು.

"ತಾಯಂದಿರ ಸಮಿತಿಯವರು ನನ್ನನ್ನ ಅಂದರು. ಬರೋ ಶನಿವಾರ ಕುಟುಂಬದ ದಿನ. ಅದಾಗಿ ಹದಿನೈದು ದಿನಕ್ಕೆ ಅಜ್ಜ ಅಜ್ಜಿಯರ ದಿನ. ಎರಡಕ್ಕೂ ವೇದಿಕೆ ಹಾಕಿಸಿ, ಹಾಡು ಹಾಕಿ, ಮಕ್ಕಳನ್ನ ಕುಣಿಸಬೇಕಂತೆ. ನಾನು ಆಗಲ್ಲ ಅಂದೆ. ಅದರ ಬದಲು ಮೂರು ದಿನ ಕೂತು ಪಟ್ಟಿ ಮಾಡಿದೀನಿ. ಇಪ್ಪತ್ತೆರಡು ಮಕ್ಕಳು, ಯಾರು ಯಾವ ಕೆಲಸ ಮಾಡಿ ತೋರಿಸಬೇಕು ಅಂತ ಒಬ್ಬೊಬ್ಬರಿಗೂ ಬರೆದಿದೀನಿ. ಇದರಲ್ಲಿ ಒಂದಕ್ಷರ ಬದಲಾಯಿಸೋಳಲ್ಲ."

ಅವಳು ಹಾಳೆಯನ್ನು ಮುಂದೆ ಚಾಚಿದಳು. ಅಂಬುಜಕ್ಕ ಅದನ್ನು ತೆಗೆದುಕೊಂಡರು. ಬಿಚ್ಚಲಿಲ್ಲ, ಮಡಿಲಲ್ಲಿ ಇಟ್ಟುಕೊಂಡರು.

"ಕೂತ್ಕೋ" ಎಂದರು. ಆಮೇಲೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಅವಳ ಕತ್ತರಿಯೂ ಹರಿತ, ನಾಲಿಗೆಯೂ ಹರಿತ. ಬ್ಲೌಸು ಬಿಗಿಯಾಯಿತೆಂದು ಯಾರಾದರೂ ವಾಪಸು ತಂದರೆ, "ಬಟ್ಟೆ ಅಷ್ಟೇ ಇದೆ ಕಣಮ್ಮ, ನೀನೇ ಬೆಳೆದಿದೀಯ" ಎಂದು ಮುಖಕ್ಕೆ ಹೇಳಿ, ಮಾರನೆಯ ದಿನ ಸಡಿಲ ಮಾಡಿ ಕೊಡುತ್ತಿದ್ದಳು. ಅವಳಿಗೆ ನಾಲ್ಕೂವರೆ ವರ್ಷದ ಮಗಳು. ಆ ಮಗಳನ್ನು ಊರಿನ ಮಾಂಟೆಸ್ಸರಿ ಶಾಲೆಗೆ ಸೇರಿಸಿದ್ದಳು.

ಆ ಶಾಲೆಗೆ ಹೆಚ್ಚಿನ ಮಕ್ಕಳು ಕಾರಿನಲ್ಲಿ ಬರುತ್ತಿದ್ದವು. ಹೊಲಿಗೆಯವಳ ಮಗಳು ನಡೆದು ಬರುತ್ತಿದ್ದಳು. ಅದಕ್ಕೆ ಹೊಲಿಗೆಯವಳಿಗೆ ಬೇಸರವಿರಲಿಲ್ಲ. ಬೇಸರ ಆದದ್ದು ಬೇರೆಯದಕ್ಕೆ. ಹಿಂದಿನ ವರ್ಷ ಶಾಲೆಯ ಊಟದ ದಿನ ಮಗಳು ತೊಟ್ಟ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಮದುವೆಗಳ ಕಾಲ, ಕೈತುಂಬ ಕೆಲಸ, ಉಳಿದ ತುಂಡಿನಲ್ಲಿ ಅಳತೆ ನೋಡದೆ ಹೊಲಿದಿದ್ದಳು. ಅದೇ ಶಾಲೆಯ ಇನ್ನೊಬ್ಬ ತಾಯಿ, ಜವಳಿ ಅಂಗಡಿಯವರ ಸೊಸೆ, ಅದನ್ನು ನೋಡಿ ನಕ್ಕಿದ್ದಳು.

"ಏನ್ರೀ, ಊರಿಗೆಲ್ಲ ಅಳತೆ ತಗೋತೀರಿ, ಮನೆ ಮಗು ಅಳತೆ ಸಿಗಲಿಲ್ವಾ?"

ಆಕೆ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತು ಹೊಲಿಗೆಯವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿಯಿತು. ನಾಲಿಗೆ ಹರಿತ ಇದ್ದವರಿಗೆ ಬೇರೆಯವರ ಮಾತು ಬೇಗ ಚುಚ್ಚುತ್ತದೆ.

ಈ ವರ್ಷ ಶಾಲೆಯಿಂದ ಚೀಟಿ ಬಂತು. ಬರುವ ತಿಂಗಳ ಎರಡನೆಯ ಶನಿವಾರ ಮನೆಮಂದಿಯೆಲ್ಲ ಬರಬೇಕು. ಪ್ರತಿ ಮಗುವೂ ತಾನೇ ಆರಿಸಿಕೊಂಡ ಒಂದು ಕೆಲಸವನ್ನು ತನ್ನವರಿಗೆ ಮಾಡಿ ತೋರಿಸುತ್ತದೆ. ಮಗು ಕರೆದಾಗ ಹೋಗಿ ಅದರ ಚಾಪೆಯ ಪಕ್ಕ ಕೂರಬೇಕು. ಯಾರೂ ನಡುವೆ ಕೈ ಹಾಕಬಾರದು.

ಹೊಲಿಗೆಯವಳು ಚೀಟಿಯನ್ನು ಎರಡು ಸಲ ಓದಿದಳು. ಅದರಲ್ಲಿ ಬಟ್ಟೆಯ ಮಾತೇ ಇರಲಿಲ್ಲ. ಅವಳಿಗೆ ಕಂಡದ್ದು ಬಟ್ಟೆ ಮಾತ್ರ. "ಈ ಸಲ ಒಂದು ಸುಕ್ಕು ಕಂಡುಹಿಡೀಲಿ ನೋಡೋಣ" ಎಂದುಕೊಂಡಳು. ಅಂದೇ ಹೋಗಿ ಹಳದಿ ಬಣ್ಣದ ಬಟ್ಟೆ ತಂದಳು.

ಮಗಳ ಮನಸ್ಸಿನಲ್ಲಿಯೂ ಒಂದು ವಿಷಯ ಇತ್ತು. ಶಾಲೆಯಲ್ಲಿ ಒಂದು ಮರದ ಚೌಕಟ್ಟು. ಅದಕ್ಕೆ ಎರಡು ತುಂಡು ಬಟ್ಟೆ ಬಿಗಿದು, ನಡುವೆ ಐದು ಗುಂಡಿ ಇಟ್ಟಿದ್ದರು. ಮಕ್ಕಳು ಗುಂಡಿ ಹಾಕುವುದು, ತೆಗೆಯುವುದು ಕಲಿಯಲಿ ಎಂದು. ಮಗಳು ಅದರ ಮುಂದೆ ತಿಂಗಳುಗಟ್ಟಲೆ ಕೂತಿದ್ದಳು. ಈಗ ಐದೂ ಗುಂಡಿ ಅವಳ ಮಾತು ಕೇಳುತ್ತಿದ್ದವು. ಶನಿವಾರ ಅಮ್ಮ ನೋಡುತ್ತಿರುವಾಗ ತನ್ನ ಅಂಗಿಗೆ ತಾನೇ ಗುಂಡಿ ಹಾಕಿಕೊಳ್ಳಬೇಕು ಎಂದು ಅವಳು ನಿಶ್ಚಯ ಮಾಡಿದ್ದಳು. ಅದನ್ನು ಅಮ್ಮನಿಗೆ ಹೇಳಬೇಕಿತ್ತು.

ಆ ಶಾಲೆಯಲ್ಲಿ ಒಂದು ರೂಢಿ. ದೊಡ್ಡವರು ಕೆಲಸದಲ್ಲಿದ್ದಾಗ ಮಗು ಕೂಗುವುದಿಲ್ಲ, ಸೆರಗು ಎಳೆಯುವುದಿಲ್ಲ. ಅವರ ಹೆಗಲ ಮೇಲೆ ಕೈಯಿಟ್ಟು ನಿಲ್ಲುತ್ತದೆ. ಅವರು ತಿರುಗಿ "ಏನು?" ಅನ್ನುವ ತನಕ ಕಾಯುತ್ತದೆ. ಶಾಲೆಯವರು ಇದನ್ನು ತಾಯಂದಿರಿಗೆ ತಿಳಿಸಿದ ದಿನ ಹೊಲಿಗೆಯವಳು ಯಾರದೋ ಮದುವೆಯ ಬ್ಲೌಸುಗಳ ನಡುವೆ ಮುಳುಗಿದ್ದಳು. ಸಭೆಗೆ ಹೋಗಿರಲಿಲ್ಲ.

ಮಗಳು ಬಂದು ಹೆಗಲ ಮೇಲೆ ಕೈಯಿಟ್ಟು ನಿಂತಳು. ಹೊಲಿಗೆಯವಳು ಮಿಷನ್ ತುಳಿಯುತ್ತಲೇ ಇದ್ದಳು. ದಾರದ ಉಂಡೆ ಮುಗಿಯಿತು, ಹೊಸದು ಹಾಕಿದಳು. ಕೈ ಹಾಗೆಯೇ ಇತ್ತು. "ನಿದ್ದೆ ಬಂತಾ? ಹೋಗಿ ಮಲಕ್ಕೋ" ಎಂದಳು. ಮಗಳು ಹೋದಳು.

ಮರುದಿನವೂ ಬಂದಳು. ಹೊಲಿಗೆಯವಳು ಗಿರಾಕಿಯ ಜೊತೆ ಜಗಳದಲ್ಲಿದ್ದಳು. ಜಗಳ ಮುಗಿಯುವ ಹೊತ್ತಿಗೆ ಮಗಳ ಕಾಲು ನೋಯುತ್ತಿತ್ತು.

ಮೂರನೆಯ ದಿನ ಹೊಲಿಗೆಯವಳಿಗೆ ಖುಷಿಯಾಯಿತು. "ಒಳ್ಳೆ ಹೊತ್ತಿಗೆ ಬಂದೆ" ಎಂದು ಹೆಗಲ ಮೇಲಿನ ಆ ಕೈಯನ್ನೇ ಹಿಡಿದು ನೇರವಾಗಿ ಚಾಚಿ, ಟೇಪು ಇಟ್ಟು, ತೋಳಿನ ಅಳತೆ ತೆಗೆದುಕೊಂಡಳು.

ಹನ್ನೆರಡು ದಿನಕ್ಕೆ ಅಂಗಿ ಮುಗಿಯಿತು. ಸೊಂಟಕ್ಕೆ ನೆರಿಗೆ, ತೋಳಿಗೆ ಪಟ್ಟಿ, ಎದೆಯ ಮೇಲೆ ಒಂದೇ ಒಂದು ಗೆರೆಯಿಲ್ಲ. ಬೆನ್ನಿನ ಉದ್ದಕ್ಕೂ ಒಂಬತ್ತು ಗುಂಡಿ. ಕಡಲೆಕಾಳಿನಷ್ಟು ಗುಂಡಿಗೆ ಅದೇ ಬಟ್ಟೆ ಸುತ್ತಿ, ಎದುರಿಗೆ ದಾರದ ಕುಣಿಕೆ ಹಾಕಿದ್ದಳು. ಅಂಥ ಕೆಲಸ ಆ ಬೀದಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಮಗಳು ಅಂಗಿಯ ಮುಂಭಾಗವನ್ನು ಸವರಿ ನೋಡಿದಳು. "ಗುಂಡಿ ಎಲ್ಲಿ?"

"ಹಿಂದೆ ಕಣೇ. ಮುಂದೆ ಇಟ್ರೆ ನೋಟ ಕೆಡುತ್ತೆ."

"ನನಗೆ ಎಟಕಲ್ಲ."

"ನಿನಗ್ಯಾಕೆ ಎಟಕಬೇಕು? ಹಾಕೋಕೆ ನಾನಿಲ್ವಾ?"

"ನಾನೇ ಹಾಕ್ಕೋಬೇಕು."

"ದೊಡ್ಡೋಳಾದ ಮೇಲೆ ಹಾಕ್ಕೊಳ್ಳುವಂತೆ. ಈಗ ಹಠ ಮಾಡಬೇಡ" ಎಂದಳು ಹೊಲಿಗೆಯವಳು. ತಾನು ಹನ್ನೆರಡು ದಿನ ಬಿಡದೆ ಮಾಡಿದ್ದು ಮಾತ್ರ ಛಲ ಎಂದು ಅವಳ ಲೆಕ್ಕ.

ಮಗಳು ಅಳಲಿಲ್ಲ. ಅಂಗಿಯನ್ನು ತಿರುಗಿಸಿ ಹಿಡಿದು, ಬೆನ್ನಿನ ಭಾಗವನ್ನು ಬಹಳ ಹೊತ್ತು ನೋಡಿದಳು.

ಶನಿವಾರ ಬಂತು. ಹೊಲಿಗೆಯವಳು ಮನೆಯಲ್ಲೇ ಒಂಬತ್ತೂ ಗುಂಡಿ ಹಾಕಿ, ಜಡೆ ಹೆಣೆದು, ಮಗಳನ್ನು ಕರೆದುಕೊಂಡು ಹೊರಟಳು. ದಾರಿಯಲ್ಲಿ ಕೂರಬೇಡ, ಒರಗಬೇಡ, ಕೈ ಒರೆಸಬೇಡ ಎಂದು ಹೇಳುತ್ತಾ ಬಂದಳು.

ಶಾಲೆಯಲ್ಲಿ ಮನೆಮಂದಿ ಗೋಡೆಯ ಉದ್ದಕ್ಕೂ ಕೂತಿದ್ದರು. ಒಂದು ಮಗು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಅಜ್ಜನಿಗೆ ಕೊಟ್ಟಿತು. ಇನ್ನೊಂದು ಬಾಳೆಹಣ್ಣು ಹೆಚ್ಚಿ ಅಪ್ಪನಿಗೆ ತಿನ್ನಿಸಿತು. ಜವಳಿ ಅಂಗಡಿಯವರ ಸೊಸೆ ತನ್ನ ಮಗನ ಕೆಲಸ ನೋಡಿ ಬಂದು ಹೊಲಿಗೆಯವಳ ಪಕ್ಕ ಕೂತಳು. ಹಳದಿ ಅಂಗಿಯನ್ನು ನೋಡಿದಳು.

"ಅಬ್ಬಾ, ಎಷ್ಟು ಚೆನ್ನಾಗಿ ಕೂತಿದೆ ರೀ! ಮೈಗೆ ಎರಕ ಹೊಯ್ದ ಹಾಗಿದೆ."

ಒಂದು ವರ್ಷದಿಂದ ಕಾದಿದ್ದ ಮಾತು. ಹೊಲಿಗೆಯವಳು ನೆರಿಗೆಯ ಗುಟ್ಟು ಹೇಳತೊಡಗಿದಳು. ಹೇಳುತ್ತಿರುವಾಗ ಹೆಗಲ ಮೇಲೆ ಒಂದು ಪುಟ್ಟ ಕೈ ಬಂದು ಕೂತಿತು. ಅವಳು ನೆರಿಗೆಯ ಮಾತು ಮುಗಿಸಿ ತೋಳಿನ ಪಟ್ಟಿಗೆ ಬಂದಳು.

"ನಿಮ್ಮ ಮಗಳು ಕರೀತಿದಾಳೆ" ಎಂದಳು ಜವಳಿಯವರ ಸೊಸೆ.

"ಅಯ್ಯೋ, ಅದು ಅವಳ ಅಭ್ಯಾಸ. ಸುಮ್ಮನೆ ಬಂದು ಕೈ ಇಟ್ಕೊಂಡು ನಿಂತುಬಿಡ್ತಾಳೆ."

"ಸುಮ್ಮನೆ ಅಲ್ಲ ರೀ. ಇಲ್ಲಿ ಕರೆಯೋದೇ ಹಾಗೆ. ನಿಮಗೆ ಗೊತ್ತಿಲ್ವಾ?"

ಹೊಲಿಗೆಯವಳಿಗೆ ದಾರದ ಉಂಡೆ ಮುಗಿದ ದಿನ ನೆನಪಾಯಿತು. ಜಗಳದ ದಿನ ನೆನಪಾಯಿತು. ಟೇಪು ಹಿಡಿದ ದಿನ ನೆನಪಾದಾಗ ಅವಳ ಕಿವಿ ಬಿಸಿಯಾಯಿತು. ತಿರುಗಿ, "ಏನು ಮಗಳೇ?" ಎಂದಳು.

ಮಗಳು ಅವಳನ್ನು ತನ್ನ ಚಾಪೆಯ ಹತ್ತಿರ ಕರೆದುಕೊಂಡು ಹೋದಳು. ಚಾಪೆಯ ಮೇಲೆ ಏನೂ ಇರಲಿಲ್ಲ. ಮಗಳು ಬೆನ್ನು ತೋರಿಸಿ ನಿಂತಳು.

"ಬಿಚ್ಚು" ಎಂದಳು.

"ಎಲ್ಲರೂ ನೋಡ್ತಿದಾರೆ ಕಣೇ."

"ಒಳಗೆ ಶಮೀಜು ಇದೆ. ಬಿಚ್ಚಮ್ಮ."

ಹೊಲಿಗೆಯವಳು ಕೋಣೆಯ ಸುತ್ತ ನೋಡಿದಳು. ಇಲ್ಲ ಎಂದರೆ ಅಂಗಿ ಉಳಿಯುತ್ತದೆ, ಹೊಗಳಿಕೆಯೂ ಉಳಿಯುತ್ತದೆ. ಆ ಕೈ ಇನ್ನೊಮ್ಮೆ ಹೆಗಲ ಮೇಲೆ ಬರುತ್ತದೋ ಇಲ್ಲವೋ ಹೇಳುವವರಿಲ್ಲ. ಅವಳು ಮಂಡಿಯೂರಿ ಒಂಬತ್ತೂ ಗುಂಡಿ ಬಿಚ್ಚಿದಳು.

ಮಗಳು ಅಂಗಿ ಕಳಚಿದಳು. ಬೆನ್ನಿನ ಭಾಗವನ್ನು ಮುಂದಕ್ಕೆ ತಂದು ತೋಳು ತೂರಿಸಿದಳು. ನೆರಿಗೆ ಹಿಂದೆ ಹೋಯಿತು. ಕತ್ತಿನ ಪಟ್ಟಿ ಗಂಟಲಿಗೆ ಒತ್ತಿತು. ಎರಕ ಹೊಯ್ದ ಹಾಗಿದ್ದ ಅಂಗಿ ಗೋಣಿಚೀಲದಂತಾಯಿತು. ಯಾರೋ ಕಿಸಕ್ಕನೆ ನಕ್ಕರು.

ಮಗಳು ಕೂತು, ಕೆಳಗಿನಿಂದ ಮೊದಲನೆಯ ಗುಂಡಿ ಹಿಡಿದಳು.

ಶಾಲೆಯ ಚೌಕಟ್ಟಿನಲ್ಲಿ ಇದ್ದದ್ದು ದೊಡ್ಡ ಗುಂಡಿ, ಅಗಲ ಕಾಜ. ಇಲ್ಲಿ ಕಡಲೆಕಾಳು, ದಾರದ ಕುಣಿಕೆ. ಮೊದಲನೆಯದು ಕೂರುವ ಹೊತ್ತಿಗೆ ಪಕ್ಕದ ಚಾಪೆಯ ಮಗು ತನ್ನ ಕೆಲಸ ಮುಗಿಸಿ ಎದ್ದಿತ್ತು. ನಾಲ್ಕನೆಯದು ಮೂರು ಸಲ ಜಾರಿತು. ಹೊಲಿಗೆಯವಳ ಕೈ ತಾನಾಗಿ ಮುಂದೆ ಹೋಯಿತು. ಮಗಳು ತಲೆ ಎತ್ತಿ ಆ ಕೈಯನ್ನು ನೋಡಿದಳು. ಹೊಲಿಗೆಯವಳು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಳು. ಹನ್ನೆರಡು ದಿನ ಹೊಲಿದಾಗ ಅವಳಿಗೆ ಆಯಾಸವಾಗಿರಲಿಲ್ಲ. ಈಗ ಬೆವರಿದಳು.

ಹೊರಗೆ ಪಾನಕ, ಕೋಸಂಬರಿ ಹಂಚುತ್ತಿದ್ದರು. ಕೋಣೆ ಅರ್ಧ ಖಾಲಿಯಾಯಿತು. ಏಳನೆಯದು ಕೂತಿತು. ಎಂಟನೆಯದು ಕೂತಿತು. ಒಂಬತ್ತನೆಯದು ಗದ್ದದ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿತ್ತು. ಮಗಳು ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಬೆರಳಿನಿಂದಲೇ ಕುಣಿಕೆ ಹುಡುಕಿ ಹಾಕಿದಳು.

"ಆಯ್ತು" ಎಂದಳು. ಎದ್ದು ಚಾಪೆ ಸುತ್ತಿ, ಅದರ ಜಾಗದಲ್ಲಿ ಇಟ್ಟು ಬಂದಳು.

ಪಾನಕದ ಲೋಟ ಹಿಡಿದು ಒಳಗೆ ಬಂದ ಜವಳಿಯವರ ಸೊಸೆ ಗಾಬರಿಯಾದಳು. "ಅಯ್ಯೋ, ಅಂಗಿ ಹಿಂದುಮುಂದಾಗಿದೆಯಲ್ರೀ!"

"ಹಿಂದುಮುಂದಾಗಿ ಹೊಲಿದೋಳು ನಾನು ಕಣ್ರೀ. ಅವಳು ಸರಿಯಾಗೇ ಹಾಕ್ಕೊಂಡಿದಾಳೆ" ಎಂದಳು ಹೊಲಿಗೆಯವಳು. ಮಗಳ ಕೈ ಹಿಡಿದು, ಪೇಟೆಯ ಬೀದಿಯಲ್ಲೇ, ಗಿರಾಕಿಗಳೆಲ್ಲ ನೋಡುವ ಹಾಗೆ, ಮನೆಯವರೆಗೆ ಅದೇ ಅಂಗಿಯಲ್ಲಿ ಅವಳನ್ನು ನಡೆಸಿಕೊಂಡು ಹೋದಳು.

ಅಂಬುಜಕ್ಕ ಕತೆ ನಿಲ್ಲಿಸಿದರು.

ಶಶಿರೇಖಳ ಮುಖ ಅರಳಿತ್ತು. "ಗೊತ್ತಾಯ್ತು ಅಕ್ಕ. ಮಗುವಿನದು ಛಲ, ತಾಯಿಯದು ಹಠ. ಸಮಿತಿಯವರಿಗೂ ಈ ಕತೆ ಹೇಳ್ತೀನಿ. ಮಕ್ಕಳಿಗೆ ಕುಣೀಬೇಕಾ ಬೇಡವಾ ಅಂತ ಒಬ್ಬರಾದರೂ ಕೇಳಿದಾರಾ? ಅವರದು ಹಠವೇ."

ಅಂಬುಜಕ್ಕ ಮಡಿಲಲ್ಲಿದ್ದ ಹಾಳೆಯನ್ನು ಬಿಚ್ಚಿದರು. ಇಪ್ಪತ್ತೆರಡು ಹೆಸರು, ಒಂದೊಂದರ ಎದುರಿಗೂ ಒಂದು ಕೆಲಸ, ಎಲ್ಲವೂ ಶಶಿರೇಖಳ ಅಚ್ಚುಕಟ್ಟಾದ ಅಕ್ಷರದಲ್ಲಿ. ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ಓದಿ, ಹಾಳೆಯನ್ನು ಅವಳ ಕೈಗೆ ಕೊಟ್ಟರು.

"ಇದರ ಗುಂಡಿ ಮುಂದಿದೆಯೋ, ಹಿಂದಿದೆಯೋ, ನೋಡಿ ಹೇಳು."