ಗೊಲ್ಲಾಳನ ಅರವತ್ತು ಗುಳಿಗಿ

ಉಂಡೀರಿಲ್ಲೋ? ಉಂಡಿದ್ರ ಹಿಂಗ ಸರದು ಕುಂದರ್ರಿ. ಉಂಡಿಲ್ಲಂದ್ರ ಉಂಡು ಬರ್ರಿ, ಹಸದ ಹೊಟ್ಟ್ಯಾಗ ನಕ್ಕರ ಪಕ್ಕಡಿ ಎಲುಬು ಹಿಡಿತಾವ.

ಒಂದೂರಾಗ ಗಾಣಿಗರ ಕಾಶವ್ವ ಅಂತ ಇದ್ಲು. ಅಕಿಗಿ ಒಂದು ಅಗಸಿ ಎಣ್ಣಿ ಗಾಣ, ಒಂದು ಎತ್ತು, ಒಬ್ಬ ಮಗ. ಮಗನ ಹೆಸರು ಗೊಲ್ಲಾಳ, ಇಪ್ಪತ್ತೈದು ವರ್ಷದ ಗಟ್ಟಿ ಆಳು. ಹೇಳಿದ್ದು ಮಾಡ್ತಿದ್ದಿಲ್ಲ ಅಂತೀರೇನು? ಮಾಡ್ತಿದ್ದ! ಹೇಳಿದ್ದಷ್ಟೂ ಮಾಡ್ತಿದ್ದ, ಹೇಳಿದ್ದಷ್ಟೇ ಮಾಡ್ತಿದ್ದ. ತ್ರಾಸು ಇದ್ದದ್ದೇ ಅಲ್ಲಿ.

"ಯಾವ ಪಾಪಕ್ಕ ನಿನ್ನ ಹಡದೆನೋ!" ಅಂತ ಕಾಶವ್ವ ದಿನಕ್ಕ ಮೂರು ಸಲ ಹಣಿ ಬಡಕೊಳ್ಳಾಕಿ.

"ನನಗ ಹೆಂಗ ಗೊತ್ತಾಗಬೇಕು ಯವ್ವಾ? ಆವಾಗ ನಾ ಇನ್ನೂ ಹುಟ್ಟಿದ್ದಿಲ್ಲಲ್ಲ!" ಅಂತ ಅವ ಮೂರೂ ಸಲ ಹೇಳಾವ.

ಮಗ್ಗಲ ಮನಿ ಇಂದ್ರವ್ವಗ ಆರು ವರ್ಷದ ಮಗಳು, ದಾನಮ್ಮ. ಆ ಹುಡುಗಿ ಮಾತಾಡತಿದ್ದಿಲ್ಲ, ಕರದ್ರ ತಿರುಗಿ ನೋಡತಿದ್ದಿಲ್ಲ. ದಿನಾ ಬಂದು ಕಾಶವ್ವನ ಗಾಣ ತಿರುಗೂದನ್ನ ನೋಡಿಕೋತ ಕುಂದರಾಕಿ. ಇದಕ್ಕ ಆಟಿಸಂ ಅಂತಾರ, ಹುಡುಗಿ ಹಂಗ ಹುಟ್ಯಾಳ, ಯಾರದೂ ತಪ್ಪಲ್ಲ ಅಂತ ಸಾಲಿ ಅಕ್ಕೋರು ತಿಳಿಸಿ ಹೇಳಿದ್ರು. ಇಂದ್ರವ್ವ ಎಲ್ಲಾ ಕೇಳಿದ್ಲು, ತಲಿ ಅಲ್ಲಾಡಿಸಿದ್ಲು. ಆದ್ರ ತಾಯಿ ಹೊಟ್ಟಿ ಕೇಳಬೇಕಲ್ಲ? "ಒಂದ ಮಾತು ಕಾಶವ್ವಕ್ಕಾ. ಅಕಿ ಬಾಯಿಂದ ಒಂದ ಒಂದು ಮಾತು ಕೇಳಿದ್ರ ಸಾಕು ನನಗ" ಅಂತ ಸೆರಗಿನಾಗ ಕಣ್ಣು ಒರಸ್ಕೊಳ್ಳಾಕಿ.

ಹಿಂಗಿರಬೇಕಾದ್ರ ಸುದ್ದಿ ಬಂತು. ಪ್ಯಾಟಿ ಔಷಧ ಅಂಗಡ್ಯಾಗ ಒಮೆಗಾ ಅಂತ ಒಂದು ಎಣ್ಣಿ ಬಂದೈತಿ, ಸಮುದ್ರದ್ದಂತ! ಕುಡದ್ರ ಮೂಕರು ಮಾತಾಡ್ತಾರಂತ, ದಡ್ಡರು ವಕೀಲರಾಗ್ತಾರಂತ!

"ನಿನ್ನ ಮಗಳಿಗೂ ಆತು, ನನ್ನ ಮಗಗೂ ಆತು" ಅಂದ್ಲು ಕಾಶವ್ವ. ಜಲ್ಮೆಲ್ಲಾ ಎಣ್ಣಿ ತೆಗದಾಕಿ ಎಣ್ಣಿ ಕೊಳ್ಳಾಕ ಮಗನ್ನ ಪ್ಯಾಟಿಗಿ ಅಟ್ಟಿದ್ಲು! "ಅಂಗಡಿಯಾವ ಹೆಂಗ ಹೇಳ್ತಾನೋ ಹಂಗ ಮಾಡು!"

"ಹಂಗ ಮಾಡ್ತೀನಿ ಯವ್ವಾ!"

ಅಂಗಡಿಯಾವ ಬಾಟಲಿ ಕೊಟ್ಟು, "ಛಲೋತ್ನ್ಯಾಗ ಕುಲುಕಬೇಕು ನೋಡು" ಅಂದ. ಗೊಲ್ಲಾಳ ಅಲ್ಲಿಂದಲೇ ಸುರು ಮಾಡಿದ. ಪ್ಯಾಟಿ ದಾಟೂತನಕ ಕುಲುಕಿದ, ಹಳ್ಳ ದಾಟೂತನಕ ಕುಲುಕಿದ. ಮುಚ್ಚಳ ಹಾರಿತು, ಎಣ್ಣಿ ಹಾರಿತು, ಇವ ನಿಲ್ಲಲಿಲ್ಲ. ಮನಿ ಮುಟ್ಟಿದಾಗ ಮೈತುಂಬ ಎಣ್ಣಿ, ಕೈಯಾಗ ಬರೇ ಬಾಟಲಿ.

"ಅಯ್ಯ ಹುಚ್ಚಪ್ಪಾ! ಒದ್ದಿ ಅರಿವ್ಯಾಗ ಸುತ್ತಿ, ಅಲ್ಲಾಡಿಸದಂಗ, ತಣ್ಣಗ ತರಬೇಕೋ!"

"ಹೌದಲ್ಲ ಯವ್ವಾ! ಇನ್ನ ಹಂಗ ಮಾಡ್ತೀನಿ!"

ಎರಡನೇ ಸಲ ಹೋದ. ಎಣ್ಣಿ ಖಾಲಿ ಆಗಿತ್ತು. "ಮಿದುಳಿನ ಪುಡಿ ಐತಿ, ಒಯ್ಯಿ" ಅಂತ ಅಂಗಡಿಯಾವ ಒಂದು ಕಾಗದದ ಪಾಕೀಟು ಕೊಟ್ಟ. ಗೊಲ್ಲಾಳ ಟಾವೆಲ್ ಹಳ್ಳದಾಗ ಅದ್ದಿದ, ಪಾಕೀಟು ಸುತ್ತಿದ. ಅಲ್ಲಾಡಿಸಲಿಲ್ಲ ಮತ್ತ! ಕೂಸಿನಂಗ ಹೊತ್ತು ತಂದ. ಬಿಚ್ಚಿದ್ರ ಅಂಬಲಿ! ಅರ್ಧ ಟಾವೆಲ್ ಕುಡದಿತ್ತು, ಅರ್ಧ ನೆಲಕ್ಕ ಸುರೀತು.

"ಅಯ್ಯ ಮಂಕೇ! ಇಂಥಾವನ್ನ ಒಣಗಿದ್ದಲ್ಲಿ ಇಡಬೇಕು! ಒಲಿ ಮಗ್ಗಲಕ ಬೆಚ್ಚಗ ಇಡಬೇಕು!"

"ಹೌದಲ್ಲ ಯವ್ವಾ! ಇನ್ನ ಹಂಗ ಮಾಡ್ತೀನಿ!"

ಮೂರನೇ ಸಲ ಹೋದ. ಈ ಸಲ ಡಬ್ಬಿ ತುಂಬ ಅರವತ್ತು ಗುಳಿಗಿ, ಬಂಗಾರದ ಬಣ್ಣದವು, ಒಳಗ ಎಣ್ಣಿ ತುಂಬಿದ್ದವು. ಕಾಶವ್ವ ಗಾಣದ ಮುಂದಿದ್ಲು. ಗೊಲ್ಲಾಳ ಸೀದಾ ಒಳಗ ಹೋಗಿ ಒಲಿ ಮಗ್ಗಲಕ ಇಟ್ಟ. ಬೆಚ್ಚಗ ಅಂದ್ರ ಎಷ್ಟು ಬೆಚ್ಚಗ ಅಂತ ತಾಯಿ ಹೇಳಿದ್ದಿಲ್ಲ. ಅದಕ್ಕ ಇನ್ನೆರಡು ಕಟಗಿ ತುರುಕಿದ. ಸಂಜಿಗಿ ನೋಡಿದ್ರ ಅರವತ್ತೂ ಕರಗಿ ಒಂದ ಉಂಡಿ ಆಗ್ಯಾವ!

"ಇದನ್ನ ಯಾರ ಬಾಯಾಗ ಹಿಡಸ್ತೀಯೋ ಬಾಡ್ಯಾ!" ಕಾಶವ್ವನ ಕಣ್ಣಾಗ ನೀರು ಬಂತು. "ಗುಳಿಗಿ ಅಂದ್ರ ಕೂಡಿ ಇಡೂದಲ್ಲ! ಉಂಡವರ ಬಾಯಾಗ ಒಂದೊಂದು ಹಾಕಿ, ಮ್ಯಾಲ ಒಂದು ಗುಟುಕು ನೀರು ಕೊಡಬೇಕು!"

"ಹೌದಲ್ಲ ಯವ್ವಾ! ಇನ್ನ ಹಂಗ ಮಾಡ್ತೀನಿ!"

ಮಾಡಿದ ನೋಡ್ರಿ! ನಾಕನೇ ಸಲ ಡಬ್ಬಿ ಹಿಡಕೊಂಡು ಬರೂ ಹೊತ್ತಿಗಿ ಊರ ಮಠದಾಗ ದಾಸೋಹ ನಡದಿತ್ತು. ಗೋದಿ ಹುಗ್ಗಿ ಉಂಡು ಮಂದಿ ಇನ್ನೂ ಪಂಕ್ತಿಯಾಗ ಕುಂತಿದ್ರು. ಉಂಡವರು! ಗೊಲ್ಲಾಳಗ ಇನ್ನೇನು ಬೇಕು? ಒಂದು ಕೈಯಾಗ ಡಬ್ಬಿ, ಒಂದು ಕೈಯಾಗ ನೀರಿನ ತಂಬಿಗಿ. "ಬಾಯಿ ತೆಗೀರಿ!" ಒಂದು ಗುಳಿಗಿ, ಒಂದು ಗುಟುಕು. "ಬಾಯಿ ತೆಗೀರಿ!" ಒಂದು ಗುಳಿಗಿ, ಒಂದು ಗುಟುಕು. ಮಠದಾಗ ಕೊಟ್ಟದ್ದು ಪ್ರಸಾದ ಇರಬೇಕಂತ ಮಂದಿ ಕೈ ಮುಗದು ನುಂಗಿದ್ರು. ಕಡೀ ಗುಳಿಗಿ ಮಠದ ಅಜ್ಜಾರ, ಅಂದ್ರ ಸ್ವಾಮಿಗಳ, ಬಾಯಿಗಿ ಹೋತು.

ಸ್ವಲ್ಪ ಹೊತ್ತಿಗಿ ಅಜ್ಜಾರು ತೇಗಿದ್ರು. ತೇಗಿ ಮೂಗು ಮುಚ್ಚಿಕೊಂಡ್ರು. ಅವರ ಹಿಂದ ಗೌಡ್ರು ತೇಗಿದ್ರು. ಗೌಡ್ರ ಹಿಂದ ಪಂಕ್ತಿಗಿ ಪಂಕ್ತಿನೇ ತೇಗಿತು. ಏನು ವಾಸನಿ! ಊಟಕ್ಕ ಬಂದಿದ್ದ ಅಕ್ಕೋರು ಡಬ್ಬಿ ಇಸ್ಕೊಂಡು ಓದಿದ್ರು.

"ಅಜ್ಜಾರ... ಇದು ಮೀನಿನ ಎಣ್ಣಿರಿ."

ಮಠದಾಗ ಮೀನು! ಯಾರೋ ಉಗುಳಾಕ ಓಡಿದ್ರು, ಯಾರೋ ಗೊಲ್ಲಾಳನ್ನ ಹೊಡಿಯಾಕ ಓಡಿದ್ರು. ಕಾಶವ್ವ ಬಂದು ಅಜ್ಜಾರ ಕಾಲಿಗಿ ಬಿದ್ಲು. "ಸಮುದ್ರದ್ದು ಅಂದಿದ್ರರಿ! ಸಮುದ್ರದಾಗ ಮೀನು ಇರ್ತಾವಂತ ನನಗ ಹೊಳೀಲಿಲ್ಲರಿ!"

ಅಜ್ಜಾರು ಇನ್ನೊಮ್ಮೆ ತೇಗಿ ನಕ್ಕರು. "ನುಂಗಿದ್ದು ನುಂಗ್ಯಾತು, ಏಳವ್ವ. ಅರವತ್ತು ಮಂದಿ ನುಂಗೀವಿ, ಒಬ್ಬರಿಗೂ ಬುದ್ಧಿ ಹೆಚ್ಚಾಗಿದ್ದು ಕಾಣವಲ್ದು."

"ಎಣ್ಣಿ ಊಟ ಕಾಶವ್ವ, ಮಂತ್ರ ಅಲ್ಲ" ಅಂದ್ರು ಅಕ್ಕೋರು. "ನಿನ್ನ ಗಾಣದಾಗಿನ ಅಗಸಿನೂ ಛಲೋ ಊಟನೇ. ಅದಕ್ಕ ಮಾತು ಬರಸಾಕ ಆಗೂದಿಲ್ಲ, ಇದಕ್ಕೂ ಆಗೂದಿಲ್ಲ." ಆಮ್ಯಾಲ ಕಾಶವ್ವನ ಹಿಂದ ಬಂದು ನಿಂತಿದ್ದ ಇಂದ್ರವ್ವನ ಕಡೆ ತಿರುಗಿದ್ರು. "ನೀ ಏನು ಮಾಡ್ತಿ? 'ರೊಟ್ಟಿ ಬೇಕೇನು' ಅಂತ ಕೇಳ್ತಿ, ಉಸುರು ಬಿಡೂದ್ರಾಗ ನೀನೇ ಬಾಯಾಗ ತುರುಕ್ತಿ. ಒಂದ ಮಾತು ಕೇಳಬೇಕು, ಆಮ್ಯಾಲ ಉತ್ತರ ಬರೂತನಕ ಕಾಯಬೇಕು. ಕೈಯಿಂದ ಹೇಳಲಿ, ಕಣ್ಣಿಂದ ಹೇಳಲಿ, ಅದೂ ಉತ್ತರನೇ. ಕಾಯೂದು ಯಾರಿಗೂ ಬರವಲ್ದು."

"ನನಗ ಬರ್ತೈತಿ!" ಅಂದ ಗೊಲ್ಲಾಳ. ಅವನ ಮಾತು ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ.

ಮರುದಿನ ಹೊತ್ತೇರಿದಾಗ ಕಾಶವ್ವ ಖಡಕ್ ರೊಟ್ಟಿ ಮ್ಯಾಲ ಅಗಸಿ ಹಿಂಡಿ, ಅದ ಚಟ್ನಿಪುಡಿ, ಹಚ್ಚಿ, "ದಾನಮ್ಮಗ ಕೊಟ್ಟು ಬಾ" ಅಂತ ಮಗನ ಕೈಯಾಗ ಕೊಟ್ಲು. ಹುಡುಗಿ ತನ್ನ ಮನಿ ಕಟ್ಟಿ ಮ್ಯಾಲ ಕುಂತು ಹುಣಸಿ ಬೀಜ ಸಾಲಾಗಿ ಇಡಾಕತ್ತಿದ್ಲು. ಗೊಲ್ಲಾಳ ಮುಂದ ಕುಂತ. ರೊಟ್ಟಿ ಚಾಚಿದ.

"ದಾನಮ್ಮಾ, ರೊಟ್ಟಿ ಬೇಕೇನು?"

ಆತು. ಒಂದ ಮಾತು ಕೇಳಿದ. ಇನ್ನ ಕಾಯೂದು.

ಹುಡುಗಿ ಬೀಜ ಇಟ್ಲು, ಸಾಲು ಮುಗೀತು, ಕೆಡಿಸಿದ್ಲು, ಮತ್ತ ಇಟ್ಲು. ಗೊಲ್ಲಾಳ ಕೈ ಇಳಸಲಿಲ್ಲ. ಮಧ್ಯಾನ ಆತು. ಕಾಶವ್ವ ಓಡಿ ಬಂದ್ಲು. "ಎತ್ತು ಕಣ್ಣಿ ಹರಕೊಂಡು ಗೌಡ್ರ ಜ್ವಾಳದಾಗ ಹೊಕ್ಕೈತಿ! ಏಳೋ!"

"ಉತ್ತರ ಬಂದಿಲ್ಲ ಯವ್ವಾ."

"ರೊಟ್ಟಿ ಅಲ್ಲಿಟ್ಟು ಏಳೋ!"

"ಉತ್ತರ ಬಂದಿಲ್ಲ ಯವ್ವಾ."

ಗೌಡ್ರ ಆಳು ಬಂದು ಬೈದ, ಇಂದ್ರವ್ವ ಸಾಲಿ ಅಡಗಿ ಕೆಲಸ ಮುಗಿಸಿ ಬಂದು ನಿಂತ್ಲು. ಹೊತ್ತು ಇಳೀತು. ಗೊಲ್ಲಾಳನ ಕೈ ಗಡಗಡ ನಡಗಾಕತ್ತಿತ್ತು, ಹಿಂಡಿ ತೊಡಿ ಮ್ಯಾಲ ಉದರಾಕತ್ತಿತ್ತು. ಆಗ ದಾನಮ್ಮ ಬೀಜ ಬಿಟ್ಲು. ನಡಗೂ ಕೈ ನೋಡಿದ್ಲು. ರೊಟ್ಟಿ ನೋಡಿದ್ಲು. ಆಮ್ಯಾಲ ಅವನ ಮಾರಿ ನೋಡಿದ್ಲು, ಮತ್ತ ರೊಟ್ಟಿ ಅತ್ತಾಗ ನೂಕಿದ್ಲು.

"ಬ್ಯಾಡ."

ಇಂದ್ರವ್ವ ಅಲ್ಲೇ ಕುಸದು ಕುಂತ್ಲು. ಆಮ್ಯಾಲ ಎದ್ದು ಓಣಿಗಿ ಓಡಿದ್ಲು. "ಬ್ಯಾಡ ಅಂದ್ಲು! ನನ್ನ ಮಗಳು ಬ್ಯಾಡ ಅಂದ್ಲು ನೋಡ್ರೇ!" ಇಷ್ಟು ಛಲೋ ಬ್ಯಾಡ ಆ ಊರಾಗ ಯಾರೂ ಕೇಳಿದ್ದಿಲ್ಲ.

ಕಾಶವ್ವ ಮಗನ್ನ ನೋಡಿದ್ಲು. ಇಪ್ಪತ್ತೈದು ವರ್ಷ ಬೈದ ಬಾಯಿ ಅಕಿದು, ಮೆತ್ತಗಾತು. "ಮಗನ, ಮನಿಗಿ ಬರ್ತಿಯೇನು? ಹಸದಿಲ್ಲೇನು? ಬಿಸಿ ರೊಟ್ಟಿ ಮಾಡ್ಲೇನು?"

ಗೊಲ್ಲಾಳ ತೊಡಿ ಮ್ಯಾಲಿನ ಹಿಂಡಿ ಝಾಡಿಸಿಕೋತ ಕುಂತ.

"ಯಾಕೋ? ಸಿಟ್ಟು ಬಂದೈತೇನು? ಮಾತಾಡವಲ್ಲಿ ಯಾಕ? ನಿನ್ನ ಬಾಯಿ ಹೋತೇನು?"

ಗೊಲ್ಲಾಳ ತಾಯಿನ್ನ ನೋಡಿ ತಲಿ ಅಲ್ಲಾಡಿಸಿದ. "ಒಂದ ಮಾತು ಕೇಳಿ ಕಾಯಬೇಕು ಯವ್ವಾ. ನೀ ಏಳು ಕೇಳಿದಿ. ಮೊದಲಿಂದ ಸುರು ಮಾಡು."

ಕಾಶವ್ವ ಹಣಿ ಬಡಕೊಳ್ಳಾಕ ಕೈ ಎತ್ತಿದ್ಲು, ಹಂಗ ಇಳಿಸಿದ್ಲು. ಮಗನ ಮಗ್ಗಲಕ ಕಟ್ಟಿ ಮ್ಯಾಲ ಕುಂತು, "ಮನಿಗಿ ಬರ್ತಿಯೇನು?" ಅಂತ ಒಂದ ಮಾತು ಕೇಳಿದ್ಲು. ಕೇಳಿ ಕಾದ್ಲು.

ಎತ್ತು ಇನ್ನೂ ಗೌಡ್ರ ಜ್ವಾಳದಾಗ ಐತಿ.