ಕಾಲು ನೆಲಕ್ಕೆ ಎಟಕುವ ಬೈಕು

“ಗುರುಗಳೇ, ಒಂದು ವಸ್ತುವನ್ನು ಇಪ್ಪತ್ತು ವರ್ಷ ಮನಸಾರೆ ಬಯಸಿದವನು ಅದಕ್ಕೆ ಅರ್ಹನಾಗುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಬೈಕುಗಳಿಗೆ ಸೀಟು ಹೊಲಿಯುವವನೊಬ್ಬನಿದ್ದ. ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಹರಿದ ಸೀಟು ಬಂದರೆ ಹಳೆಯ ಸ್ಪಂಜು ಕಿತ್ತು ಹೊಸದು ಹಾಕಿ, ಮೇಲೆ ರೆಕ್ಸಿನ್ ಎಳೆದು ಹೊಲಿದು ಕೊಡುತ್ತಿದ್ದ. ಊರಿನ ಅರ್ಧ ಬೈಕುಗಳ ಸೀಟು ಅವನೇ ಹೊಲಿದವು. ಅವನು ಮಾತ್ರ ಒಂದನ್ನೂ ಓಡಿಸಿರಲಿಲ್ಲ. ಹೆಂಡತಿ ಶರಣಮ್ಮನೊಂದಿಗೆ ಎಲ್ಲಿಗೆ ಹೋಗುವುದಾದರೂ ಬಸ್ಸು, ಇಲ್ಲವೇ ನಡಿಗೆ.

ಇಪ್ಪತ್ತು ವರ್ಷದಿಂದ ಅವನ ಮನಸ್ಸಿನಲ್ಲಿದ್ದದ್ದು ಕ್ರೂಸರ್ ಬೈಕು. ತಗ್ಗಾದ ಸೀಟು, ಅಗಲವಾದ ಹ್ಯಾಂಡಲ್, ಕಾಲನ್ನು ಮುಂದಕ್ಕೆ ಚಾಚಿ ಕೂರುವ ಗತ್ತು. ಅಂಥ ಬೈಕಿನ ಸೀಟು ಅಂಗಡಿಗೆ ಬಂದ ದಿನ ಅವನು ಉಳಿದ ಕೆಲಸವನ್ನೆಲ್ಲ ಬದಿಗಿಡುತ್ತಿದ್ದ. ನಲವತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಕೊಳ್ಳುವ ಶಕ್ತಿ ಅವನಿಗೆ ಬಂತು.

ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಇಮಾಮ್‌ಸಾಬ ಅವನ ಗೆಳೆಯ. ಅವನು ಹೇಳಿದ: “ಮೊದಲ ಬೈಕೇ ಅಷ್ಟು ಭಾರದ್ದು ಬೇಡ. ನನ್ನ ಹತ್ತಿರ ಒಂದು ಹಳೇ ಸಣ್ಣ ಗಾಡಿ ಇದೆ. ಆರು ತಿಂಗಳು ಮೈದಾನದಲ್ಲಿ ಓಡಿಸು. ನಾಲ್ಕು ಸಲ ಬೀಳು. ಆಮೇಲೆ ಅದನ್ನು ತಗೋ.”

“ಈ ವಯಸ್ಸಿನಲ್ಲಿ ಮೈದಾನದಲ್ಲಿ ಬಿದ್ದು ಜನರ ನಗೆಗೀಡಾಗಲೇನು? ಆ ಬೈಕಿನ ಸೀಟು ಎಷ್ಟು ತಗ್ಗು ಅಂತ ನನಗೆ ಗೊತ್ತಿಲ್ಲವೇ? ಕೂತರೆ ಎರಡೂ ಕಾಲು ನೆಲಕ್ಕೆ ಎಟಕುತ್ತವೆ. ಬೀಳುವುದು ಹೇಗೆ?”

ಇಮಾಮ್‌ಸಾಬ ತನ್ನ ಗ್ಯಾರೇಜಿಗೆ ಹಿಂತಿರುಗಿದ.

ಸೀಟು ಹೊಲಿಯುವವನು ಕ್ರೂಸರ್ ಬೈಕನ್ನೇ ತಂದ. ಡ್ರೈವಿಂಗ್ ಸ್ಕೂಲಿನವರು ಗೇರು, ಕ್ಲಚ್ಚು ಹೇಳಿಕೊಟ್ಟಿದ್ದರು. ಲೈಸೆನ್ಸೂ ಬಂದಿತ್ತು. ದಿನಾ ಬೆಳಿಗ್ಗೆ ಹೆದ್ದಾರಿಯಲ್ಲಿ ಹೋಗಿ ಬರುತ್ತಿದ್ದ. ನೇರ ರಸ್ತೆಯಲ್ಲಿ ಭಾರದ ಬೈಕು ಅಲುಗಾಡುವುದಿಲ್ಲ. ಆ ಸ್ಥಿರತೆ ಬೈಕಿನದು. ಅವನು ಅದನ್ನು ತನ್ನದೆಂದುಕೊಂಡ.

ಮೂರನೆಯ ವಾರ ಶರಣಮ್ಮನನ್ನು ಹಿಂದೆ ಕೂರಿಸಿಕೊಂಡು ಅವಳ ಅಕ್ಕನ ಊರಿಗೆ ಹೊರಟ. ಅವಳು ಸೀರೆಯ ನೆರಿಗೆ ಒತ್ತಿ ಹಿಡಿದು ಒಂದೇ ಬದಿಗೆ ಕಾಲು ಬಿಟ್ಟು ಕೂತಳು. ಮೊದಲು ಹೆದರಿದಳು. ಆಮೇಲೆ ದಾರಿಯುದ್ದಕ್ಕೂ ಮಾತಾಡಿದಳು. ಅವಳು ಅಷ್ಟು ಮಾತಾಡಿದ್ದನ್ನು ಅವನು ಕೇಳಿ ಎಷ್ಟೋ ವರ್ಷವಾಗಿತ್ತು.

ಅಕ್ಕನ ಊರಿನ ತಿರುವಿನಲ್ಲಿ ರಸ್ತೆ ಇಳಿಜಾರಾಗಿ ಒಂದು ಸಣ್ಣ ಸೇತುವೆಗೆ ಸೇರುತ್ತಿತ್ತು. ರಸ್ತೆ ಕೆಲಸಕ್ಕೆಂದು ಅಲ್ಲಿ ಜಲ್ಲಿ ಹರಡಿದ್ದರು. ಎಮ್ಮೆಯೊಂದು ಅಡ್ಡ ಬಂತು. ಅವನು ಬ್ರೇಕು ಹಿಡಿದ. ಬೈಕು ನಿಂತಿತು. ಅವನು ಎಡಗಾಲು ಊರಿದ. ಕಾಲು ನೆಲಕ್ಕೆ ಎಟಕಿತು. ಆದರೆ ಜಲ್ಲಿ ಜಾರಿತು.

ಬೈಕು ನಿಧಾನವಾಗಿ ವಾಲಿತು. ಎರಡು ಕ್ವಿಂಟಲ್‌ಗೂ ಮೀರಿದ ಭಾರ. ಒಮ್ಮೆ ವಾಲಿದ ಮೇಲೆ ಅವನ ತೋಳಿಗೆ ನಿಲ್ಲಲಿಲ್ಲ. ಶರಣಮ್ಮನ ಮೊಣಕಾಲು ಸೇತುವೆಯ ಕಲ್ಲಿಗೂ ಬೈಕಿಗೂ ನಡುವೆ ಸಿಕ್ಕಿತು.

ಅವನು ಎದ್ದು ಹ್ಯಾಂಡಲ್ ಹಿಡಿದು ಎಳೆದ. ಬೈಕು ಏಳಲಿಲ್ಲ. ಸೀಟು ಹಿಡಿದು ಎಳೆದ. ಒಂದು ಗೇಣು ಎದ್ದು ಮತ್ತೆ ಅವಳ ಮೇಲೆಯೇ ಕೂತಿತು.

“ಎತ್ತ್ರೀ” ಎಂದಳು ಅವಳು. ಮತ್ತೊಮ್ಮೆ “ಎತ್ತ್ರೀ” ಎಂದಳು. ಮೂರನೆಯ ಸಲ ಅನ್ನಲಿಲ್ಲ.

ಇಟ್ಟಿಗೆ ಹೇರಿಕೊಂಡ ಟ್ರ್ಯಾಕ್ಟರ್ ಬಂತು. ಅದರಲ್ಲಿದ್ದ ಇಬ್ಬರು ಇಳಿದು ಎತ್ತಿದರು. ಅಲ್ಲಿಯವರೆಗೆ ಎಷ್ಟು ಹೊತ್ತಾಗಿತ್ತೆಂದು ಅವನು ಯಾರಿಗೂ ಹೇಳಲಾರ.

ಎರಡು ಶಸ್ತ್ರಚಿಕಿತ್ಸೆ ಆದವು. ಮೊಣಕಾಲು ಮತ್ತೆ ಮಡಚಲಿಲ್ಲ. ನೋಡಲು ಬಂದವರು ಹೇಗಾಯಿತೆಂದು ಕೇಳಿದರೆ ಶರಣಮ್ಮ “ಜಲ್ಲಿ ಇತ್ತು” ಎನ್ನುತ್ತಿದ್ದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಬೈಕು ಅಂಗಡಿಯ ಮುಂದೆ ಧೂಳು ಹಿಡಿಯಿತು. ಎಂಟು ತಿಂಗಳು ಕಳೆದ ಮೇಲೆ ಇಮಾಮ್‌ಸಾಬ ಒಂದು ಬೆಳಿಗ್ಗೆ ಅದನ್ನು ಮೈದಾನಕ್ಕೆ ಒಯ್ದ. ಗೆಳೆಯನನ್ನೂ ಕರೆದ. ಬೈಕನ್ನು ಬೇಕೆಂದೇ ನೆಲಕ್ಕೆ ಮಲಗಿಸಿದ.

“ಕೈಯಿಂದ ಎಳೆಯಬೇಡ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಹಿಡಿ. ಬೈಕಿಗೆ ಬೆನ್ನು ಮಾಡು. ಸೊಂಟವನ್ನು ಸೀಟಿಗೆ ಒತ್ತಿ ಕಾಲಿನಿಂದ ಹಿಂದಕ್ಕೆ ನಡೆ” ಎಂದ.

ಅವನು ಹಾಗೆ ಮಾಡಿದ. ಬೈಕು ಎದ್ದು ನಿಂತಿತು. ಬೇರೆ ಯಾರ ಕೈಯೂ ಬೇಕಾಗಲಿಲ್ಲ. ಇಮಾಮ್‌ಸಾಬ ಸ್ಟ್ಯಾಂಡ್ ಹಾಕಿ ಹಿಂತಿರುಗಿ ನೋಡಿದಾಗ, ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ, “ಕೊನೆಗಾದರೂ ಅವನು ಸರಿಯಾಗಿ ಓಡಿಸಲು ಕಲಿತನೇ?” ಎಂದ.

“ಕಲಿತ, ಈಗ ಎಂಥ ತಿರುವಿನಲ್ಲೂ ಅವನ ಕೈ ತಪ್ಪುವುದಿಲ್ಲ, ಶರಣಮ್ಮ ಗೋಡೆ ಹಿಡಿದು ಬಾಗಿಲವರೆಗೆ ಬಂದು ಅವನು ಹೋಗುವುದನ್ನು ನೋಡುತ್ತಾಳೆ.”